ಷಡ್ಡಕನ ಮಾಲ್ಡೀವ್ಸು

ಇನ್ನು ಮೇಲೆ ಯಾರ ಮೇಲೂ ಹೊಟ್ಟೆಕಿಚ್ಚು ಪಡಬಾರದು ಅಂತ ನಾನು ಆಗಾಗ ತೀರ್ಮಾನ ಮಾಡ್ತಾ ಇರ್ತೀನಿ. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ಕೈಮುಗಿದು ನಿಂತೇ ಮಾಡ್ತೀನಿ. ಆದರೆ ಮಧ್ಯಾಹ್ನದ ಊಟದೊಳಗೆ ಏನಾದರೂ ಒಂದು ಆಗಿಯೇ ಆಗುತ್ತೆ. ಆಗೋದೆಲ್ಲ ನನ್ನ ಷಡ್ಡಕನಿಂದಲೇ ಆಗುತ್ತೆ.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಾನು ಹುಣಸೂರಿನ ಒಂದು ಖಾಸಗಿ ಹೈಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರು. ಅವನು ಕೆ.ಆರ್. ನಗರದ ಒಂದು ಖಾಸಗಿ ಹೈಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಸಂಬಳ, ಅದೂ ಇಬ್ಬರಿಗೂ ತಡವಾಗಿಯೇ ಬರ್ತಿತ್ತು. ಮಾವನ ಮನೆಗೆ ಇಬ್ಬರೂ ಬಸ್ಸಲ್ಲಿ ನಿಂತುಕೊಂಡೇ ಹೋಗ್ತಿದ್ವಿ. ಆಗ ಅವನು ನನ್ನ ಕಣ್ಣಿಗೆ ತುಂಬಾ ಒಳ್ಳೆಯವನಾಗಿ ಕಾಣ್ತಿದ್ದ.

ದುಡ್ಡು ಕೊಟ್ಟು ಹೋಗೋ ಜಾಗ

ಒಂದು ದಿನ ಫೋನ್ ಮಾಡಿದ. "ಅಣ್ಣಾ, ಮಾಲ್ಡೀವ್ಸಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ ಸಿಕ್ತು ಕಣಣ್ಣ."

"ಓ, ಸಂತೋಷ ಕಣಪ್ಪ," ಅಂದೆ. ಬಾಯಲ್ಲಿ ಅಂದೆ ಅಷ್ಟೆ.

ಸ್ಟಾಫ್ ರೂಮಲ್ಲಿ ಹೇಳಿದೆ. ಹೇಳದೆ ಇರಬೇಕಿತ್ತು. ನಮ್ಮ ಪಿ.ಟಿ. ಮೇಷ್ಟ್ರು ಕಣ್ಣರಳಿಸಿ, "ಸಾರ್, ಅದು ಸಿನಿಮಾದವರು ಮದುವೆ ಆದ್ಮೇಲೆ ಹೋಗೋ ಜಾಗ ಅಲ್ವಾ?" ಅಂದರು. ಅಲ್ಲಿಂದ ಮೂರು ಪೀರಿಯಡ್ ನಾನು ಯಾವ ಪಾಠ ಮಾಡಿದೆ ಅನ್ನೋದು ನನಗೇ ಗೊತ್ತಿಲ್ಲ.

ಅವನು ಹೋದ ವಾರವೇ ಫೋಟೋ ಬಂತು. ಹಿಂದೆ ನೀಲಿ ಸಮುದ್ರ, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಮಧ್ಯದಲ್ಲಿ ಇವನು. ನನ್ನ ಜೊತೇಲೇ ಹುಣಸೂರು ಬಸ್ ಸ್ಟ್ಯಾಂಡ್ ಹತ್ರ ಚೌಕಾಸಿ ಮಾಡಿ ತಗೊಂಡ ಬೆಲ್ಟು ಹಾಕ್ಕೊಂಡು ನಿಂತಿದ್ದ. ಆ ಬೆಲ್ಟಿಗೆ ಬಂದ ಯೋಗ ನೋಡಿ! ನನ್ನ ಹೆಂಡತಿ ಫೋಟೋನ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ನೀರು ಎಂಗೈತೆ ನೋಡಿ. ತಳ ಕಾಣ್ತದೆ."

"ನಮ್ಮ ಲಕ್ಷ್ಮಣತೀರ್ಥ ಹೊಳೇಲೂ ಬೇಸಿಗೇಲಿ ತಳ ಕಾಣ್ತದೆ," ಅಂದೆ.

ಅವಳು ನಗಲಿಲ್ಲ. "ಜನ ದುಡ್ಡು ಕೊಟ್ಟು ಹೋಗೋ ಜಾಗಕ್ಕೆ ಇವರನ್ನ ದುಡ್ಡು ಕೊಟ್ಟು ಕರೆಸ್ಕೊಂಡವ್ರೆ. ನಮ್ಮನ್ನ ನೋಡಿ, ಹುಣಸೂರಲ್ಲಿ ಇರೋದಕ್ಕೆ ನಾವೇ ಬಾಡಿಗೆ ಕಟ್ತಾ ಇದೀವಿ."

ಕೋಳಿ ಕಾಲು

ನನ್ನ ಮಾವ ಪಿರಿಯಾಪಟ್ಟಣದ ಹತ್ರದ ಒಂದು ಹಳ್ಳೀಲಿ ಹೊಗೆಸೊಪ್ಪು ಬೆಳೆಯೋರು. ಆ ಮನೆಗೆ ನಾನು ಹಿರಿ ಅಳಿಯ. ಮದುವೆ ಆದಾಗಿನಿಂದ ಮೊದಲನೇ ತಟ್ಟೆ ನಂದು, ಸಾರಲ್ಲಿರೋ ಕೋಳಿ ಕಾಲು ನಂದು. ಇದನ್ನ ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಷಡ್ಡಕ ಮೊದಲನೇ ಸಲ ರಜಕ್ಕೆ ಬಂದ. ಅತ್ತೆಗೆ ಸೆಂಟು, ಮಾವನಿಗೆ ಟೋಪಿ, ಮನೆಯೋರಿಗೆಲ್ಲ ಚಾಕೊಲೇಟು. ನನಗೊಂದು ಕೀ ಚೈನು, ಅದರ ತುದೀಲೊಂದು ಪ್ಲಾಸ್ಟಿಕ್ ಮೀನು. ಊಟಕ್ಕೆ ಕೂತ್ವಿ. ಅತ್ತೆ ಸೌಟು ಹಿಡ್ಕೊಂಡು ಬಂದರು, ನನ್ನ ತಟ್ಟೆ ದಾಟಿಕೊಂಡು ಮುಂದಕ್ಕೆ ಹೋದರು. ಕೋಳಿಗಿರೋದೇ ಎರಡು ಕಾಲು. ಎರಡೂ ಅವನ ತಟ್ಟೆಗೆ ಹೋದವು. ವಾಪಸ್ ಬರೋವಾಗ ನನಗೆ ಕತ್ತು ಹಾಕಿದರು.

"ತೆಪ್ಪು ತಿಳ್ಕೋಬೇಡಿ ಅಳಿಯಂದ್ರೆ," ಅಂದರು ಅತ್ತೆ. "ನೀವಾದ್ರೆ ಇಲ್ಲೇ ಇರ್ತೀರಿ, ಯಾವಾಗ್ ಬೇಕಾದ್ರೂ ತಿಂತೀರಿ. ಪಾಪ, ಅವರಿಗೆ ಅಲ್ಲಿ ಮೂರೊತ್ತೂ ಮೀನೇ ಅಂತೆ. ಸೊಪ್ಪು ಸದೆ ಎಲ್ಲ ದೋಣೀಲಿ ಬರ್ಬೇಕಂತೆ. ಬಾವಿ ನೀರು ಉಪ್ಪಂತೆ, ಮಳೆ ನೀರು ಇಡ್ಕೊಂಡು ಕುಡೀತಾರಂತೆ. ಊರು ಅನ್ನೋದು ಒಂದು ಬೀಡಿ ಸೇದಿ ಮುಗಿಸೋದ್ರೊಳಗೆ ಮುಗುದೋಯ್ತದಂತೆ!"

"ಗುಂಡೂ ಸಿಕ್ಕಾಕಿಲ್ವಂತೆ ಕಣಮ್ಮಿ," ಅಂತ ಮಾವ ಹೊಸ ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಸಾವಿನ ಸುದ್ದಿ ಕೇಳಿದೋರ ಥರ ಮುಖ ಮಾಡಿದ್ದರು.

ಮನೆಯೋರೆಲ್ಲ ಸೇರಿ "ಅಯ್ಯೋ ಪಾಪ" ಅಂದರು. ಅವನು ತಲೆ ತಗ್ಗಿಸಿಕೊಂಡು, ಆ ಪಾಪವನ್ನೆಲ್ಲ ಸ್ವೀಕಾರ ಮಾಡ್ತಾ, ಎರಡನೇ ಕಾಲನ್ನ ಚೀಪ್ತಾ ಇದ್ದ.

ವಾಪಸ್ ಬರೋವಾಗ ಬಸ್ಸಲ್ಲಿ ಹೆಂಡತಿಗೆ ಹೇಳಿದೆ, "ಸಂಬಳಾನೂ ಅವನಿಗೇ ಬತ್ತದೆ, ಅಯ್ಯೋ ಪಾಪಾನೂ ಅವನಿಗೇ ಬತ್ತದೆ. ನನಗೇನು ಬತ್ತದೆ ಹೇಳು?"

"ಕತ್ತು ಬಂತಲ್ಲ," ಅಂದಳು ಕಿಟಕಿ ಕಡೆ ನೋಡ್ತಾ.

ಗೋಡೆ ಮೇಲಿನ ಫೋಟೋ

ಆಮೇಲೆ ಅತ್ತೆ ಇನ್ನೊಂದು ಕೆಲಸ ಮಾಡಿದರು. ಆ ಸಮುದ್ರದ ಫೋಟೋನ ಹತ್ರದ ಕೊಪ್ಪದ ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆ ಗೋಡೆಗೆ ನೇತುಹಾಕಿಸಿದರು. ಅಲ್ಲಿ ಮೊದಲೇ ಮಾವನ ತಂದೆ, ತಾಯಿ, ಚಿಕ್ಕಪ್ಪ ಸಾಲಾಗಿದ್ದರು, ಮೂವರೂ ತೀರಿಹೋದವರು. ಪಕ್ಕದಲ್ಲಿ ಒಂದು ಮೊಳೆ ಖಾಲಿ ಇತ್ತು, ಅದಕ್ಕೇ ಹಾಕಿದರು. ನಮ್ಮ ಮದುವೆ ಫೋಟೋ ಎಲ್ಲಿದೆ ಅಂತ ಕೇಳಿದರೆ, "ಬೀರುಲಿ ಐತೆ, ಸೀರೆ ಕೆಳಗೆ, ಜೋಪಾನವಾಗೈತೆ," ಅಂದರು.

ಪಿತೃಪಕ್ಷ ಬಂತು. ತೀರಿಹೋದ ಹಿರೀಕರಿಗೆ ಎಡೆ ಇಡೋ ಹಬ್ಬ. ಹಿರೀಕರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಎಲೆ ಮೇಲೆ ಇಡ್ತಾರೆ. ಸರಗೂರು ಕಡೆಯಿಂದ ಅತ್ತೆಯ ದೊಡ್ಡಮ್ಮ ಬಂದಿದ್ದರು. ವಯಸ್ಸಾದ ಮುದುಕಿ, ಆ ಮನೆಗೆ ಬಂದು ಎಷ್ಟೋ ವರ್ಷ ಆಗಿತ್ತು. ಹೂವಿನ ಪುಟ್ಟಿ ಹಿಡ್ಕೊಂಡು ಒಂದೊಂದೇ ಫೋಟೋಗೆ ಹೂವು ಮುಡಿಸ್ತಾ ಬಂದು ನಾಲ್ಕನೇದರ ಮುಂದೆ ನಿಂತರು. ಅಲ್ಲಿದ್ದೋನು ನಾನೊಬ್ಬನೇ.

"ಇದ್ಯಾರಪ್ಪ, ಇಷ್ಟು ಸಣ್ ವಯಸ್ಸಿನೋರು?"

"ಎರಡನೇ ಅಳಿಯ ಕಣಜ್ಜಿ. ಸಮುದ್ರದಾಚೆ ಹೋಗ್ಬುಟ್ಟ," ಅಂದೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿ.

"ಅಯ್ಯೋ ನನ್ನಪ್ಪಾ! ಮಗೀನ ಕಣ್ಣಲ್ಲಿ ಎಂಥ ಕಳೆ!" ಅಂತ ಅಜ್ಜಿ ಪುಟ್ಟೀಲಿದ್ದ ಉದ್ದನೆ ಹಾರ ಅವನಿಗೇ ಹಾಕಿ, ಚಿಕ್ಕಪ್ಪನ ಎಡೇನ ಇವನ ಮುಂದಕ್ಕೆ ಸರಿಸಿ, ಸೆರಗು ಬಾಯಿಗಿಟ್ಟುಕೊಂಡು ಅಳೋಕೆ ಶುರು ಮಾಡಿದರು. ತಡೀಬಹುದಿತ್ತು. ಆದರೆ ನೋಡೋಕೆ ಬಹಳ ಚೆನ್ನಾಗಿತ್ತು.

ಸರಿಯಾಗಿ ಆ ಹೊತ್ತಿಗೆ ನಾದಿನಿ, ಅಂದರೆ ಷಡ್ಡಕನ ಹೆಂಡತಿ, ಗಂಡನಿಗೆ ಹಬ್ಬ ತೋರಿಸೋಣ ಅಂತ ವಿಡಿಯೋ ಕಾಲ್ ಹಿಡ್ಕೊಂಡು ಒಳಗೆ ಬಂದಳು. ಫೋನೊಳಗೆ ಅವನು. ಗೋಡೆ ಮೇಲೂ ಅವನು, ಹಾರ ಹಾಕ್ಕೊಂಡು. ನಾದಿನಿ ಕಿಟಾರನೆ ಕಿರುಚಿದಳು. ಅಡುಗೆಮನೆಯಿಂದ ಅತ್ತೆ ಓಡಿಬಂದು ಹಣೆ ಚಚ್ಚಿಕೊಂಡರು. ಫೋನ್ ನನ್ನ ಕೈಗೆ ಬಂತು.

"ಅಣ್ಣಾ, ಅದು ನನ್ನ ಫೋಟೋ ಅಲ್ವಾ?"

"ಹೂಂ ಕಣಪ್ಪ."

"ಅದರ ಮುಂದೆ ಇರೋ ಎಡೆ ನಂದಾ?"

"ಹಂಗೇ ಅನ್ಕೋ."

ಅವನು ಫೋನೊಳಗೆ ಮುಖ ಹತ್ರ ತಂದು ಎಡೇನ ನೋಡಿದ. ಆಮೇಲೆ ಅಂದ, "ಹೋಗ್ಲಿ ಬುಡಣ್ಣ. ಅದರಲ್ಲಿ ಏನೇನ್ ಮಡಗವ್ರೆ, ಫೋನು ಸ್ವಲ್ಪ ಅತ್ರ ಇಡಿ."

ದುಡ್ಡೋ ಸುಖವೋ

ಮಾರನೇ ವರ್ಷ ಅವನೇ ಫೋನ್ ಮಾಡಿ, "ಅಣ್ಣಾ, ನಮ್ಮ ಸ್ಕೂಲಲ್ಲಿ ಒಂದು ಇಂಗ್ಲಿಷ್ ಪೋಸ್ಟ್ ಖಾಲಿ ಆಗ್ತದೆ. ನಿಮ್ಮ ಹೆಸರು ಹೇಳಿದೀನಿ. ಬೇಗ ಹೂಂ ಅನ್ನಿ," ಅಂದ. ಸಂಬಳ ಎಷ್ಟು ಅಂತಾನೂ ಹೇಳಿದ. ಅಷ್ಟು ದೊಡ್ಡ ಸಂಬಳವನ್ನ ನನ್ನ ಹೆಸರಿನ ಪಕ್ಕದಲ್ಲಿ ಯಾರೂ ಹೇಳಿರಲಿಲ್ಲ.

ಹೋಗೋದೋ ಬಿಡೋದೋ ಅಂತ ನನಗೆ ಊಟ ಸೇರಲಿಲ್ಲ. ಹೆಂಡತಿ ಅವರೆಕಾಯಿ ಬಿಡಿಸ್ತಾ ಕೂತಿದ್ದಳು.

"ದುಡ್ಡೊಂದೇ ನೋಡಬಾರದು ಕಣೇ. ಜೀವನದಲ್ಲಿ ಸುಖಾನೂ ನೋಡಬೇಕು," ಅಂದೆ.

"ಇಲ್ಲಿ ಬುಟ್ಟೋಗಕ್ಕಾಗದೆ ಇರೋ ಅಂಥ ಸುಖ ಏನೈತೆ, ಒಸಿ ಹೇಳಿ."

ಸಿಕ್ಕಿದ್ದೇ ಸಾಕು ಅಂತ ಹೇಳ್ತಾ ಹೋದೆ. ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಣ್ಣಬಹುದು. ಉಂಡು ಒಂದು ಗಳಿಗೆ ಕಾಲು ಚಾಚಬಹುದು. ಸಂಜೆ ಕೂತಿದ್ದ ಕಡೆಗೇ ಬೋಂಡಾ ಬರುತ್ತೆ. ಭಾನುವಾರ ಮಟನ್ ಆಗುತ್ತೆ. ನೆಂಟರು ಬಂದರೆ ಹರಟೆ ಹೊಡೀಬಹುದು. ಹೇಳ್ತಾ ಹೇಳ್ತಾ ನನಗೇ ನನ್ನ ಜೀವನ ಇಷ್ಟು ಚೆನ್ನಾಗಿದೆಯಾ ಅನ್ನಿಸಿಬಿಡ್ತು.

ಅವಳು ಅವರೆಕಾಯಿ ಮೊರ ಪಕ್ಕಕ್ಕಿಟ್ಟಳು. "ಬಿಸಿ ಮುದ್ದೆ ತೊಳಸೋದು ಯಾರು? ನೀವು ಕಾಲು ಚಾಚಿದಾಗ ಪಾತ್ರೆ ಉಜ್ಜೋದು ಯಾರು? ಬೋಂಡಾ ಕರಿಯೋದು, ಮಟನ್ ಬೇಯ್ಸೋದು, ನೆಂಟರಿಗೆ ಕಾಫಿ ಕಾಯ್ಸೋದು ಯಾರು?"

ನಾನು ಮೊರದಿಂದ ಒಂದು ಅವರೆಕಾಯಿ ತಗೊಂಡು ಬಿಡಿಸೋಕೆ ಶುರು ಮಾಡಿದೆ.

"ನೀವು ಹೋಗಿ. ದುಡ್ಡು ನಿಮಗೆ, ಸುಖ ನನಗೆ. ಎರಡೂ ಒಂದೇ ಮನೆಗೆ ಬತ್ತದೆ ಬುಡಿ."

ಹೂಂ ಅಂದುಬಿಟ್ಟೆ. ದುಡ್ಡಿನಾಸೆಗೆ ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. ಮಾವನ ಮನೇಲಿ ನನ್ನನ್ನೂ ಒಂದು ಸಲ "ಅಯ್ಯೋ ಪಾಪ" ಅನ್ನಲಿ ಅಂತ.

ಉಪ್ಪಿನಕಾಯಿ

ಅಲ್ಲಿನ ಹೆಡ್ ಮಾಸ್ಟರು ಫೋನಲ್ಲೇ ಮಾತಾಡಿಸಿ ಒಪ್ಪಿಕೊಂಡರು. ಸುದ್ದಿ ಸ್ಟಾಫ್ ರೂಮಿಗೆ ಹೋಯ್ತು. ಹೆಚ್.ಡಿ. ಕೋಟೆಯಿಂದ ದಿನಾ ಬಸ್ಸಲ್ಲಿ ಬರೋ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಎಷ್ಟೋ ವರ್ಷದಿಂದ ಊಟದ ಹೊತ್ತಿಗೆ ತಮ್ಮ ಡಬ್ಬಿಯ ಮಾವಿನ ಉಪ್ಪಿನಕಾಯಿ ಮೊದಲು ನನಗೆ ಹಾಕಿ ಆಮೇಲೆ ತಾವು ಹಾಕ್ಕೊಳ್ಳೋರು. ಆವತ್ತು ನಾನು ತಟ್ಟೆ ಮುಂದೆ ಮಾಡಿದೆ. ಅವರು ಡಬ್ಬಿ ಮುಚ್ಚಳ ಹಾಕಿ ಬ್ಯಾಗೊಳಗೆ ಇಟ್ಟುಕೊಂಡು, "ನಿಮಗ್ಯಾಕೆ ಸಾರ್ ಇದೆಲ್ಲ, ಇನ್ನು ಮೇಲೆ ಫಾರಿನ್ ಉಪ್ಪಿನಕಾಯಿ ತಿನ್ನಿ," ಅಂದರು.

ಬರೀ ಮೊಸರನ್ನ ಉಂಡೆ. ಉಣ್ತಾ ಉಣ್ತಾ ಕಣ್ಣಲ್ಲಿ ನೀರು ಬಂತು. ಈ ಭೂಮಿ ಮೇಲೆ ನನ್ನನ್ನ ನೋಡಿಯೂ ಹೊಟ್ಟೆಕಿಚ್ಚು ಪಡೋ ಒಬ್ಬರು ಹುಟ್ಟಿದರಲ್ಲ!

ಖಾಲಿ ಪೋಸ್ಟು

ಕೆಲಸ ಬಿಡ್ತೀನಿ ಅಂತ ನಮ್ಮ ಸ್ಕೂಲಿನ ಸೆಕ್ರೆಟರಿಗೆ ಹೇಳೋದೊಂದು ಬಾಕಿ ಇತ್ತು. ಸೆಕ್ರೆಟರಿ ಅಂದರೆ ಸ್ಕೂಲಿನ ಮಾಲೀಕರು. ಮೊದಲು ಅಕ್ಕಿ ಗಿರಣಿ ಇಟ್ಟಿದ್ದರು, ಈಗ ಸ್ಕೂಲೂ ಇಟ್ಟಿದ್ದಾರೆ. ಅವರು ಕೈಹಿಡಿದು, "ಬ್ಯಾಡಿ ಮೇಷ್ಟ್ರೇ, ಸಂಬಳ ಜಾಸ್ತಿ ಮಾಡ್ತೀನಿ," ಅಂತಾರೆ, ನಾನು ಸ್ವಲ್ಪ ಬಿಗುಮಾನ ಮಾಡಬೇಕು ಅಂತ ದಾರೀಲೆಲ್ಲ ಅಂದುಕೊಂಡು ಹೋದೆ.

"ಸಾರ್, ನಾನು ಮಾಲ್ಡೀವ್ಸಿಗೆ..."

"ಗೊತ್ತು ಮೇಷ್ಟ್ರೇ, ಭಾಳ ಸಂತೋಷ. ಹೋಗಿ ಬನ್ನಿ. ನಿಮ್ಮ ಜಾಗಕ್ಕೆ ಆಗಲೇ ಜನ ಸಿಕ್ಕವ್ರೆ."

ಪಕ್ಕದ ಕುರ್ಚಿ ಕಡೆ ಕೈ ತೋರಿಸಿದರು. ರಜಕ್ಕೆ ಬಂದು ಕೆ.ಆರ್. ನಗರದಲ್ಲಿ ಹೆಂಡತಿ ಜೊತೆ ಇದಾನೆ ಅಂದುಕೊಂಡಿದ್ದ ನನ್ನ ಷಡ್ಡಕ ಅಲ್ಲಿ ಕೂತಿದ್ದ. ಕೈಯಲ್ಲಿ ಕಾಫಿ. ಇಷ್ಟು ವರ್ಷದಲ್ಲಿ ಆ ರೂಮಲ್ಲಿ ನನಗೆ ಒಂದು ಲೋಟ ನೀರೂ ಬಂದಿರಲಿಲ್ಲ.

"ನೀನೇನಪ್ಪ ಇಲ್ಲಿ? ಹಂಗಾದ್ರೆ ಅಲ್ಲಿ ಖಾಲಿ ಆಗೋ ಪೋಸ್ಟು ಯಾರದು?"

"ನಂದೇ ಕಣಣ್ಣ," ಅಂತ ತಲೆ ತಗ್ಗಿಸಿದ. "ನನ್ನ ಬದಲಿಗೆ ಒಬ್ಬರನ್ನ ಕೊಟ್ಟರೆ ಬೇಗ ಬುಡ್ತೀವಿ ಅಂದ್ರು."

"ನನ್ನನ್ನ ಅಲ್ಲಿಗೆ ತಳ್ಳಿ ನೀನು ಇಲ್ಲಿ ಬಂದು ಕೂರ್ತೀಯಾ?"

ಅವನಿಗೂ ರೇಗಿತು. ಕಾಫಿ ಕೆಳಗಿಟ್ಟ. "ಇನ್ನೇನ್ ಮಾಡ್ಲಿ? ಚುಂಚನಕಟ್ಟೇಲಿ ನೀರು ಧುಮುಕೋದನ್ನ ವಾಟ್ಸಾಪ್ ಸ್ಟೇಟಸ್ ಹಾಕಿದ್ರಲ್ಲ ನೀವು, ಆವತ್ತು ನಾನು ಅನ್ನ ಮುಟ್ಟಲಿಲ್ಲ. ನೀವು ಸ್ಕೂಟ್ರಲ್ಲಿ ಹೋಗೋದೇನು, ಬೇಕಾದ ಕಡೆ ನಿಲ್ಸಿ ಟೀ ಕುಡಿಯೋದೇನು! ನನಗೆ ಎರಡು ವರ್ಷದಿಂದ ಹೋಗಕ್ಕೆ ರೋಡೇ ಇಲ್ಲ ಕಣಣ್ಣ. ಯಾವ ಕಡೆ ಹೊರಟ್ರೂ ಸಮುದ್ರ ಬತ್ತದೆ. ನಿಮ್ಮ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಅಂತ ನಿಮಗೇನ್ ಗೊತ್ತು?"

ನಾನು ಮುಖ ತಿರುಗಿಸಿಕೊಂಡೆ. ಕಿಟಕಿಯಾಚೆ ನಮ್ಮ ಒಂಬತ್ತನೇ ಕ್ಲಾಸು ಕಾಣ್ತಿತ್ತು. ಇಂಗ್ಲಿಷ್ ಬರದೆ ಹೋದರೂ ನನ್ನ ಹಳೇ ಜೋಕಿಗೆಲ್ಲ ನಗೋ ಮಕ್ಕಳು. ನಾಳೆ ಇವನು ಹೋಗಿ ಸಮುದ್ರದ ಕಥೆ ಹೇಳ್ತಾನೆ, ಹೊಟ್ಟೆ ಹಿಡ್ಕೊಂಡು ನಗ್ತಾರೆ, ವಾರದಲ್ಲಿ ನನ್ನನ್ನ ಮರೀತಾರೆ. ಇಷ್ಟು ದಿನ ಅವನ ಕೆಲಸದ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದು ಏನೇನೂ ಅಲ್ಲ. ಈಗ ನನ್ನ ಕೆಲಸದ ಮೇಲೇ ನನಗೆ ಹೊಟ್ಟೆಕಿಚ್ಚು!

"ಸಾರ್, ನಾನು ಎಲ್ಲಿಗೂ ಹೋಗಲ್ಲ," ಅಂದೆ.

"ಅಣ್ಣಾ, ಹಂಗನ್ಬೇಡಿ!" ಅಂದ ಷಡ್ಡಕ. "ಅಲ್ಲಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ. ನಾನಂತೂ ವಾಪಸ್ ಹೋಗಾಕಿಲ್ಲ."

ಸೆಕ್ರೆಟರಿ ಇಬ್ಬರನ್ನೂ ನೋಡಿದರು. "ಕಿತ್ತಾಡ್ಬೇಡಿ ಬುಡ್ರಪ್ಪ. ಮೇಷ್ಟ್ರೇ, ನೀವು ಹೈಸ್ಕೂಲಲ್ಲೇ ಇರಿ. ಈ ವರ್ಷ ಪಿಯುಸಿ ಶುರು ಮಾಡ್ತಾ ಇದೀನಿ, ಇವ್ರು ಅಲ್ಲಿರ್ಲಿ. ಫಾರಿನ್ ರಿಟರ್ನ್ಡು ಅಂತ ಬೋರ್ಡಲ್ಲೂ ಬರೆಸ್ಬೋದು. ಇವರ ಸಂಬಳ ಮಾತಾಡಿದಂಗೇ." ಎಷ್ಟು ಅಂತಾನೂ ಹೇಳಿದರು. ನನ್ನ ಸಂಬಳದ ಎರಡರಷ್ಟು.

"ಸಾರ್!" ಅಂದೆ. "ಇಷ್ಟು ವರ್ಷದಿಂದ ಒಂದು ದಿನಾನೂ ಎಲ್ಲೂ ಹೋಗದೆ ಇಲ್ಲೇ ಇದೀನಿ. ನನಗೂ ಅಷ್ಟೇ ಕೊಡಿ."

ಸೆಕ್ರೆಟರಿ ನನ್ನನ್ನ ಬಹಳ ಕನಿಕರದಿಂದ ನೋಡಿದರು.

"ಅದೇ ತೊಂದ್ರೆ ಆಗಿರೋದು ಮೇಷ್ಟ್ರೇ, ಇಲ್ಲೇ ಇದೀರಲ್ಲ. ಒಂದ್ಸಲ ಹೋಗ್ಬುಟ್ಟು ಬನ್ನಿ, ಕೊಡ್ತೀನಿ."