ನಾನು ಕಂಡುಹಿಡಿದ ಕೋಟೆ

ಕರ್ಜಗಿಯಲ್ಲಿರುವ ನಮ್ಮ ಅತ್ತೆ ಇನ್ನೂ ಸಮುದ್ರ ನೋಡಿರಲಿಲ್ಲ. ಒಮ್ಮೆ ಅದರಲ್ಲಿ ಕಾಲು ತೋಯಿಸಬೇಕೆಂಬುದು ಅವರ ಬಹುದಿನದ ಆಸೆ. ಆ ಪುಣ್ಯಕಾರ್ಯಕ್ಕೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯಾದ ನಾನು, ಅಂದರೆ ಅವರ ಏಕೈಕ ಅಳಿಯ, ಟೊಂಕ ಕಟ್ಟಿ ನಿಂತೆ. ಕಾರು ಕುಮಟಾ ಕಡೆ ಹೊರಟಿತು. ಆದರೆ ನಾನೇನು ಸಾಮಾನ್ಯ ಪ್ರವಾಸಿಗನೇ? ಎರಡು ದಿನ ಮೊಬೈಲಿನಲ್ಲಿ ಓದಿ, ಕರಾವಳಿಯ ಕೋಟೆ, ದೀಪಸ್ತಂಭಗಳ ಪಟ್ಟಿಯನ್ನೇ ಮಾಡಿದ್ದೆ!

“ಮೊದಲ ಅವ್ವಗ ಸಮುದ್ರ ತೋರಸ್ರಿ,” ಎಂದಳು ಹೆಂಡತಿ.

“ಸಮುದ್ರ ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ಇತಿಹಾಸ!”

ಮಿರ್ಜಾನ ಕೋಟೆಯಲ್ಲಿ ಬುರುಜಿಗೊಂದು ಭಾಷಣವಾಯಿತು. ಅತ್ತೆ ಮೊಣಕಾಲು ಹಿಡಿದುಕೊಂಡು ಕೇಳಿದರು. ಮುಂದೆ ದೀಪಸ್ತಂಭ ಹುಡುಕುತ್ತ ದಾರಿ ತಪ್ಪಿ ತೆಂಗಿನ ತೋಟಗಳ ನಡುವಿನ ಓಣಿಗೆ ಬಂದೆವು. ಅಲ್ಲಿ ಕಂಡಿತು! ಕೆಂಪು ಕಲ್ಲಿನ ಗೋಡೆ, ಮೈತುಂಬ ಪಾಚಿ, ನಡುನಡುವೆ ತೂತು. ಪಟ್ಟಿಯಲ್ಲೇ ಇಲ್ಲದ ಕೋಟೆ! ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಗೋಡೆಗೆ ಇಷ್ಟು ಪಾಚಿ ಹಿಡಿಯಬೇಕಾದರೆ ಮುನ್ನೂರು ವರ್ಷವಾದರೂ ಬೇಕು. ಕಾರು ನಿಲ್ಲಿಸಿದೆ.

ಅತ್ತೆ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿದರು. ನಾನು ರೊಟ್ಟಿ ಹಿಡಿದೇ ಶುರುಮಾಡಿದೆ. “ಈ ತೂತಿನಾಗಿಂದ ಬಂದೂಕು ಹಾರಸ್ತಿದ್ರು!”

“ಅಳಿಯಾರ, ಆ ಕಡೆ ಏನೋ ಭೋರ್ ಅಂತ ಸಪ್ಪಳ ಬರಾಕತ್ತೈತಲ್ರಿ?” ಎಂದರು ಅತ್ತೆ.

“ಗಾಳಿ ಇರಬೇಕ್ರಿ ಅತ್ತಿ. ನೀವು ಇತಿಹಾಸ ಕೇಳ್ರಿ.”

ಅಷ್ಟರಲ್ಲಿ ಗೋಡೆಯ ಮೇಲಿಂದ ಒಬ್ಬ ಹೆಂಗಸು ಇಣುಕಿದಳು. “ಎಂತ ನೋಡ್ತಿದ್ರಿ?”

“ಕೋಟೆ ನೋಡಾಕತ್ತೇವ್ರಿ. ಯಾವ ರಾಜರ ಕಾಲದ್ದು?”

“ಕೋಟೆ ಎಲ್ಲಿ! ಇದು ನಮ್ಮನೆ ಕಂಪೌಂಡು. ಕಟ್ಟಿ ಮೂರು ವರ್ಷ ಆಯ್ತು. ಇಲ್ಲಿಯ ಮಳೆಗೆ ಎಲ್ಲಾ ಹೀಗೇ ಪಾಚಿ ಹಿಡೀತದೆ. ಆ ತೂತು ನೀರು ಹೋಗ್ಲಿಕ್ಕೆ.”

ಹೆಂಡತಿ ರೊಟ್ಟಿ ನೆತ್ತಿಗೇರಿ ಕೆಮ್ಮುತ್ತಲೇ ನಕ್ಕಳು. ನನ್ನ ಸಂಶೋಧನೆ ಅಲ್ಲೇ ಮಣ್ಣುಪಾಲಾಯಿತು.

ಹೊತ್ತು ಇಳಿಯುತ್ತಿತ್ತು. ಅತ್ತೆ ಆ ಹೆಂಗಸನ್ನು ಮೆಲ್ಲಗೆ ಕೇಳಿದರು: “ಯವ್ವಾ, ಸಮುದ್ರ ಇನ್ನ ಎಷ್ಟು ದೂರ ಐತಿ?”

“ದೂರ ಎಂತದು? ನಮ್ಮನೆ ಹಿಂದೇ ಅದೆ. ಬನ್ನಿ!”

ಅಂದರೆ ಇಷ್ಟು ಹೊತ್ತು ನಾನು ಸಮುದ್ರಕ್ಕೆ ಬೆನ್ನು ಕೊಟ್ಟು ಮಾತಾಡಿದ್ದೆ!

ಅತ್ತೆ ಸೀರೆ ಎತ್ತಿ ಹಿಡಿದು ನೀರಿಗಿಳಿದರು. ತೆರೆ ಬಂದು ಕಾಲಿಗೆ ಬಡಿದಾಗ ಸಣ್ಣ ಹುಡುಗಿಯ ಹಾಗೆ ಕೂಗಿ ನಕ್ಕರು. ಅದನ್ನು ನೋಡಿ ನನಗೂ ಖರೇನೇ ಸಂತೋಷವಾಯಿತು. ಗಂಟಲು ಸರಿಮಾಡಿಕೊಂಡು ಹತ್ತಿರ ಹೋದೆ.

ಅತ್ತೆ ಗಾಬರಿಯಿಂದ ತಿರುಗಿದರು. “ಅಳಿಯಾರ, ಕೈ ಮುಗೀತೀನ್ರಿ, ಇದನ್ನ ಯಾರು ಕಟ್ಟಿಸ್ಯಾರ ಅಂತ ಹೇಳಬ್ಯಾಡ್ರಿ!”

ತೆರೆದ ಬಾಯಿ ಮುಚ್ಚಿಕೊಂಡು, ಇತಿಹಾಸಕಾರ ಅತ್ತೆಯ ಚಪ್ಪಲಿ ಕಾಯುತ್ತ ನಿಂತ.