ಒಂದು ಮಡಕೆ ಸೈನ್ಯ

ಚಳ್ಳಕೆರೆಯಲ್ಲಿ ಕಂಬಳಿ ನೇಯುವ ಕೊಟ್ಟೂರಪ್ಪನಾದ ನಾನು, ಎರಡು ಸಾವಿರದ ನಾಲ್ಕನೇ ಇಸವಿಯ ದಸರೆ ಕಳೆದ ಮಾರನೇ ದಿನ, ಮಿರ್ಚಿ ಕಟ್ಟಿಕೊಟ್ಟ ಪೇಪರನ್ನು ಸಾಕ್ಷಿಯಾಗಿಟ್ಟುಕೊಂಡು ಶಪಥ ಮಾಡಿದೆ. ಇಪ್ಪತ್ತು ವರ್ಷದಿಂದ ನನ್ನ ಎದೆಯಲ್ಲಿ ಬಿಡಾರ ಹೂಡಿರುವ ಕೆಮ್ಮನ್ನು ಹದಿನೈದೇ ದಿನದಲ್ಲಿ ಊರು ಬಿಡಿಸುತ್ತೇನೆ! ಅದೂ ಒಂದು ಗುಳಿಗೆ ನುಂಗದೆ, ಒಂದು ಸೂಜಿ ಚುಚ್ಚಿಸಿಕೊಳ್ಳದೆ!

ಪೇಪರಿನಲ್ಲಿ ಬರೆದಿತ್ತು. ಹುಳಿ ಬಂದ ಮೊಸರು, ಅಂಬಲಿಯಂಥವುಗಳಲ್ಲಿ ಪ್ರೋಬಯಾಟಿಕ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವಂತೆ. ಅವು ಹೊಟ್ಟೆಯಲ್ಲಿ ಕೂತುಕೊಂಡೇ ಶ್ವಾಸಕೋಶವನ್ನೂ ಕಾಯಬಹುದಂತೆ. ಮುಂದಿನ ಸಾಲು ‘ಆದರೆ’ ಎಂದು ಶುರುವಾಗುವಲ್ಲಿಗೆ ಸರಿಯಾಗಿ ಕಾಗದ ಎಣ್ಣೆ ಕುಡಿದು ಹರಿದಿತ್ತು. ಬೇಕಾದದ್ದೆಲ್ಲ ಓದಿಯಾಗಿತ್ತು, ‘ಆದರೆ’ ಕಟ್ಟಿಕೊಂಡು ನನಗೇನು?

ನನಗೆ ಅವಸರವಿತ್ತು. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಉಣ್ಣೆ ಧೂಳಿನಿಂದ ದೂರ ಇರಬೇಕು ಎಂದಿದ್ದರು. ಕಂಬಳಿ ನೇಯುವವನಿಗೆ ಹೇಳುವ ಮಾತೇ ಅದು? ನನ್ನ ಹೆಂಡತಿ ಜುಂಜಮ್ಮ ಮೊದಲೇ ಹೋಗಿ ಅವರ ಕಿವಿ ಊದಿದ್ದಾಳೆ ಎಂದು ನನಗೆ ಅಲ್ಲೇ ಅನುಮಾನ ಬಂತು. ಮನೆಗೆ ಬರುತ್ತಲೇ ಅವಳು ತೀರ್ಪು ಕೊಟ್ಟಳು: ದೀಪಾವಳಿಯೊಳಗೆ ಕೆಮ್ಮು ನಿಲ್ಲದಿದ್ದರೆ ಮಗ್ಗ ಬಿಚ್ಚಿ ಅಟ್ಟಕ್ಕೆ, ನಾನು ಶೇಂಗಾ ಎಣ್ಣೆ ಮಿಲ್ಲಿನ ಗೇಟಿಗೆ. ಆ ಮಿಲ್ಲಿನ ಮೇಸ್ತ್ರಿ ಅವಳ ತಮ್ಮ ದೊಡ್ಡೀರಪ್ಪ. ನನ್ನ ಮದುವೆಯ ದಿನ ಮೂಗು ಸುರಿಸಿಕೊಂಡು ನನ್ನ ತೊಡೆಯ ಮೇಲೆ ಕೂತಿದ್ದವನಿಗೆ ನಾನು ದಿನಾ ಗೇಟು ತೆಗೆದು ಸಲಾಮು ಹೊಡೆಯಬೇಕು! ಅಪ್ಪ, ತಾತ ಕಾಲಿಳಿಬಿಟ್ಟು ಕೂತ ಮಗ್ಗದ ಗುಂಡಿ ಅದು. ಬಿಡುವ ಮಾತು ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ. ಮೇಲಾಗಿ ಮೊಳಕಾಲ್ಮೂರಿನ ಎರ್ರಿಸ್ವಾಮಿಯವರು ಮಗಳ ಮದುವೆಯ ಗದ್ದುಗೆಗೆ ಹಾಸಲು ನನ್ನ ಕೈಯ ಕಂಬಳಿಯೇ ಬೇಕು ಎಂದು ಹೇಳಿ ಹೋಗಿದ್ದರು.

ಸಂತೆಯಿಂದ ಹೊಸ ಮಣ್ಣಿನ ಮಡಕೆ ತಂದೆ. ರಾಗಿ ಅಂಬಲಿ ಕಾಯಿಸಿ, ಆರಿಸಿ, ಮೊಸರು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಮಗ್ಗದ ಪಕ್ಕ ಇಟ್ಟೆ. ಮೂರನೇ ದಿನ ಬಟ್ಟೆ ಬಿಚ್ಚಿದಾಗ ಎದ್ದ ವಾಸನೆಗೆ ಪಕ್ಕದ ಮನೆಯ ಎಮ್ಮೆ ಕೂಡ ಮುಖ ತಿರುಗಿಸಿತು. ಜುಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ವಾದಕ್ಕೆ ಇಳಿದಳು.

“ಮನ್ಯಾಗೆ ಮೂರು ಹೊತ್ತೂ ಮಜ್ಜಿಗೆ ಕುಡಿತೀಯ. ಅದರಾಗಿನ ಹುಳ ಏನು ನಿದ್ದೆ ಹೊಡಿತಾವ?”

“ಅವು ಓದುಬರಹ ಇಲ್ದವು. ಇವು ಪೇಪರ್‌ನಾಗೆ ಬಂದವು” ಎಂದೆ.

ದಿನಕ್ಕೆ ಎರಡು ಲೋಟದಂತೆ ಕುಡಿಯತೊಡಗಿದೆ. ಆದರೆ ಮಡಕೆಯೊಳಗೆ ಅಂಬಲಿ ನಾನು ಕುಡಿದದ್ದಕ್ಕಿಂತ ಹೆಚ್ಚು ಇಳಿಯುತ್ತಿತ್ತು! ಇದ್ದಿಲಿನಿಂದ ಗೆರೆ ಎಳೆದಿಟ್ಟೆ. ಬೆಳಗ್ಗೆ ನೋಡಿದರೆ ಗೆರೆಗಿಂತ ಒಂದು ಬೆರಳು ಕೆಳಗೆ! ಜುಂಜಮ್ಮನನ್ನು ವಿಚಾರಣೆ ಮಾಡಿದೆ. ಆ ಕೊಚ್ಚೆ ಕುಡಿಯೋಕೆ ನನಗೇನು ಗ್ರಹಚಾರ ಎಂದಳು. ಉಳಿದವನು ದೊಡ್ಡೀರಪ್ಪ. ಮಿಲ್ಲಿಗೆ ಹೋಗುವಾಗ ದಿನಾ ಎಲೆ ಅಡಿಕೆಗೆಂದು ನಮ್ಮ ಮನೆಗೆ ಬರುತ್ತಿದ್ದ. ಬಂದವನು ಮಗ್ಗದ ಹತ್ತಿರವೇ ಕೂರುತ್ತಿದ್ದ, ಏಳುವಾಗ ಮೀಸೆ ಒರೆಸಿಕೊಳ್ಳುತ್ತಿದ್ದ. ಎಲೆ ಅಡಿಕೆ ಹಾಕಿಕೊಂಡವನು ಮೀಸೆ ಯಾಕೆ ಒರೆಸಬೇಕು? ನನ್ನ ಕೆಮ್ಮು ನಿಂತರೆ ಅವನಿಗೆ ಕಾವಲುಗಾರ ಸಿಗುವುದಿಲ್ಲ! ನನ್ನ ಬ್ಯಾಕ್ಟೀರಿಯಾ ಸೈನ್ಯವನ್ನು ಅವನು ದಿನಾ ಒಂದೊಂದು ಗುಟುಕು ಕೊಲ್ಲುತ್ತಿದ್ದಾನೆ ಎಂಬುದು ಖಾತ್ರಿಯಾಯಿತು.

ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಕಂಬಳಿಯ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ, ನೂಲು ಗಟ್ಟಿಯಾಗಲೆಂದು ನಾವು ಅದಕ್ಕೆ ಹುಣಸೆ ಬೀಜದ ಗಂಜಿ ಬಳಿಯುತ್ತೇವೆ. ಆ ಗಂಜಿಯ ಹಳೇ ಮಡಕೆ, ಅಂಬಲಿಯಂತೆಯೇ ಹುಳಿ ನಾರುತ್ತ, ಮೂಲೆಯಲ್ಲಿ ಖಾಲಿ ಬಿದ್ದಿತ್ತು. ಉಳಿದ ಅಂಬಲಿಯನ್ನೆಲ್ಲ ಅದಕ್ಕೆ ಸುರಿದು ತಟ್ಟೆ ಮುಚ್ಚಿದೆ. ಹೊಸ ಮಡಕೆಗೆ ಬರೀ ಅಕ್ಕಿ ತೊಳೆದ ನೀರು! ಕಳ್ಳ ಅದನ್ನೇ ಕುಡಿದು ಸಾಯಲಿ ಎಂದು, ಮಾರನೇ ಬೆಳಗ್ಗೆ ಎರ್ರಿಸ್ವಾಮಿಯವರಿಂದ ಕಂಬಳಿಯ ಮುಂಗಡ ಇಸಿದುಕೊಂಡು ಬರಲು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ರಾತ್ರಿ ವಾಪಸು ಬಂದು ಹಳೇ ಮಡಕೆಯಿಂದ ಒಂದು ಲೋಟ ಕುಡಿದೆ. ಎಂಥಾ ಬದಲಾವಣೆ! ಅಂಬಲಿ ಮಂದವಾಗಿ, ಅಂಟಂಟಾಗಿ, ಗಂಟಲಿಗೆ ಹಿಡಿದುಕೊಂಡೇ ಇಳಿಯಿತು. ಹಳೇ ಮಡಕೆಯ ಕಾವಿಗೆ ನನ್ನ ಸೈನ್ಯ ಬಲಿತಿದೆ ಎಂದು ಹಿಗ್ಗಿದೆ.

ಅವತ್ತು ಹಗಲು, ನಾನಿಲ್ಲದಾಗ, ಅಕ್ಕ ತಮ್ಮ ಸೇರಿ ಬೀದಿಯಲ್ಲಿ ಹಾಸು ಚಾಚಿ ಗಂಜಿ ಬಳಿದಿಟ್ಟಿದ್ದರು. ಮಾರನೇ ದಿನ ನೇಯಲು ಕೂತರೆ ನೂಲು ಪಟಪಟನೆ ಹರಿಯಿತು. ಮುಟ್ಟಿದಲ್ಲೆಲ್ಲ ಹಿಟ್ಟು ಉದುರಿತು, ಇರುವೆಗಳು ಸಾಲುಗಟ್ಟಿ ಬಂದವು. ಹುಣಸೆ ಬೀಜ ಹುಳ ಹಿಡಿದಿತ್ತು ಅಂತ ಕಾಣುತ್ತದೆ ಎಂದಳು ಜುಂಜಮ್ಮ. ನನಗೆ ದೊಡ್ಡೀರಪ್ಪನ ಮೇಲೆಯೇ ಅನುಮಾನ. ಹಾಸು ಬಿಚ್ಚಿ, ತೊಳೆದು, ಮೋಡದ ದಿನಗಳಲ್ಲಿ ಒಣಗಿಸಿ, ಮತ್ತೆ ಮಗ್ಗಕ್ಕೇರಿಸುವಷ್ಟರಲ್ಲಿ ಎಂಟು ದಿನ ಹೋಯಿತು. ಹೋದರೆ ಹೋಗಲಿ, ಆ ಎಂಟು ದಿನದಲ್ಲಿ ನನ್ನ ಕೆಮ್ಮು ಹೇಳಹೆಸರಿಲ್ಲದಂತೆ ಹೋಗಿತ್ತು! ಚಹಾದಂಗಡಿಯಲ್ಲಿ ಕೂತು ಪ್ರೋಬಯಾಟಿಕ್ ಬಗ್ಗೆ ಭಾಷಣ ಮಾಡಿದೆ. ಮೂವರು ನನ್ನ ಮಾತು ನಂಬಿ ಮಡಕೆ ಕೊಂಡರು.

ಒಂಬತ್ತನೇ ದಿನ ಬೆಳಗ್ಗೆ ಮೂಲೆಯ ಮಡಕೆಗೆ ಲೋಟ ಅದ್ದಿ ಬಾಯಿಗಿಟ್ಟಿದ್ದೆ. ಮಗ್ಗದ ಹಿಂದಿನಿಂದ ಜುಂಜಮ್ಮ ಮುದ್ದೆ ಕೋಲು ಹಿಡಿದು ಎದ್ದು ನಿಂತಳು.

“ನೀನಾ? ಗಂಜಿ ದಿನಾ ಕಮ್ಮಿ ಆಗ್ತೈತಲ್ಲ ಅಂತ ಕಾದು ಕುಂತಿದ್ದೆ.”

“ಯಾವ ಗಂಜಿ?”

“ಹುಣಸೆ ಬೀಜದ್ದು. ನೂಲಿಗೆ ಬಳಿಯೋದು. ನೀನು ಮೊಳಕಾಲ್ಮೂರಿಗೆ ಹೋಗೋ ಮುಂದೆ ಒಂದು ಮಡಿಕೆ ಕಾಯಿಸಿಟ್ಟಿದ್ದೆಲ್ಲ, ನನ್ನ ಗಂಡಂಗೂ ಒಂದಿನ ಬುದ್ಧಿ ಬಂತು ಅಂತ ಅದನ್ನ ಬಳಿದು, ಸಂಜೀಕೆ ಹೊಸದಾಗಿ ಕಾಯಿಸಿ ತುಂಬಿಸಿದೆ.”

ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ. ನನ್ನ ಸೈನ್ಯ ಕಂಬಳಿಗೆ ಹೋಗಿತ್ತು, ಕಂಬಳಿಯ ಗಂಜಿ ನನ್ನ ಹೊಟ್ಟೆಗೆ ಬಂದಿತ್ತು! ಹಾಗಾದರೆ ಮೊದಲು ಹೊಸ ಮಡಕೆಯಿಂದ ಕದ್ದವನು ಯಾರು ಎಂದು ದೊಡ್ಡೀರಪ್ಪನ ಹೆಸರು ಎತ್ತಿದೆ.

“ಹೊಸ ಮಡಿಕೆ ನೀರು ಹೀರ್ದೆ ಇನ್ನೇನು ಮಾಡ್ತೈತೆ?” ಎಂದಳು.

ನನ್ನ ಹತ್ತಿರ ಉಳಿದದ್ದು ಒಂದೇ ಅಸ್ತ್ರ. “ಏನೇ ಆಗ್ಲಿ, ಕೆಮ್ಮು ಹೋಗೈತೆ” ಎಂದೆ.

“ಮಗ್ಗ ನಿಂತು ಎಷ್ಟು ದಿನ ಆತು?”

“ಎಂಟು.”

“ಕೆಮ್ಮು ನಿಂತು?”

ಅದೂ ಎಂಟೇ! ಡಾಕ್ಟರ ಕಿವಿಯನ್ನು ಯಾರೂ ಊದಿರಲಿಲ್ಲ. ದೀಪಾವಳಿಗೆ ಎರಡೇ ದಿನ ಉಳಿದಿತ್ತು. ಗುಂಡಿಯ ಅಂಚಿನಲ್ಲಿ ಕೂತು, ಅವಳು ಮಗ್ಗ ಬಿಚ್ಚಲಿ ಎಂದು ಕಾದೆ. ನಾಚಿಕೆಗೇಡು, ಕಣ್ಣಲ್ಲಿ ನೀರು ಬಂತು.

ಜುಂಜಮ್ಮ ಒಳಗೆ ಹೋಗಿ ತನ್ನ ಹಳೇ ನೂಲಿನ ಸೀರೆಯೊಂದನ್ನು ಪರ್ರನೆ ಹರಿದು ತಂದಳು. ನಾಲ್ಕು ಪದರ ಮಾಡಿ ನನ್ನ ಮುಖಕ್ಕೆ ಸುತ್ತಿ, ಹಿಂದೆ ಬಿಗಿಯಾಗಿ ಗಂಟು ಹಾಕಿದಳು. ಎರ್ರಿಸ್ವಾಮಿಯವರ ಕಂಬಳಿ ಈ ಬಟ್ಟೆ ಕಟ್ಟಿಕೊಂಡೇ ಮುಗಿಸು, ಆಮೇಲೆ ಡಾಕ್ಟರನ್ನು ಕೇಳೋಣ ಎಂದಳು. ಲಾಳಿ ಎಸೆದೆ. ಒಂದು ಗಂಟೆ ನೇಯ್ದರೂ ಒಂದು ಕೆಮ್ಮೂ ಇಲ್ಲ. ಇದರಲ್ಲಿ ನಾನು ಮೊದಲ ಮೂರು ದಿನ ಕುಡಿದ ಅಂಬಲಿಯ ಪಾಲೂ ಸ್ವಲ್ಪ ಇರಬಹುದಲ್ಲವೇ ಎಂದು ಬಟ್ಟೆಯೊಳಗಿಂದಲೇ ಶುರು ಮಾಡಿದೆ.

ಜುಂಜಮ್ಮ ಬಂದು ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

“ಮೂಗಿನ ಜತೀಗೆ ಬಾಯಿನೂ ಸೇರಿಸಿ ಕಟ್ಟಿರೋದು ಸುಮ್ಕೆ ಅಲ್ಲ. ನೇಯಿ.”