ಹಲಗೆಯ ತೂಕ ಕಳೆದು

ನಮ್ಮ ಕಡೆಯ ಜನ ಒಬ್ಬರನ್ನೊಬ್ಬರು ಕಂಡಾಗ ಮೊದಲು ಊಟ ಆಯಿತೇ ಎಂದು ಕೇಳುತ್ತಾರೆ, ಆಮೇಲೆ ಕಣ್ಣಲ್ಲೇ ತೂಗುತ್ತಾರೆ. ಮಾಗಡಿ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಅಜ್ಜಿ ಕೂಡ ಟಿಕೆಟ್ ತೆಗೆದುಕೊಳ್ಳುವುದರೊಳಗೆ ನಮ್ಮ ಮೈಕಟ್ಟಿನ ಬಗ್ಗೆ ಒಂದು ತೀರ್ಪು ಕೊಟ್ಟಿರುತ್ತಾರೆ. “ಒಸಿ ಇಳ್ದೋಗಿದ್ದೀಯಲ್ಲವ್ವ” ಎಂದರೆ ಪ್ರೀತಿ. “ಮೈ ಕೈ ತುಂಬ್ಕೊಂಡು ಚೆನ್ನಾಗಿದ್ದೀಯ” ಎಂದರೂ ಪ್ರೀತಿಯೇ. ಒಂದೇ ದಿನ ಬೆಳಿಗ್ಗೆ ಒಬ್ಬರಿಂದ ಇಳಿದಿದ್ದೇನೆಂದೂ ಸಂಜೆ ಇನ್ನೊಬ್ಬರಿಂದ ಊದಿದ್ದೇನೆಂದೂ ಅನ್ನಿಸಿಕೊಂಡು ಮನೆಗೆ ಬಂದಿದ್ದೇನೆ. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ, ಮಳೆ ಬಂತಾ ಎಂದು ಕೇಳಿದ ಹಾಗೆ ಕೇಳುತ್ತಾರೆ. ನಾನೂ ಹಾಗೆಯೇ ಕೇಳಿಕೊಂಡು ಬಂದವಳು. ಹಬ್ಬದ ರಜೆ ಮುಗಿಸಿ ಹಾಸ್ಟೆಲಿಗೆ ಮರಳುವ ಹುಡುಗಿಯರನ್ನು ಗೇಟಿನಲ್ಲೇ ನಿಂತು, ಒಬ್ಬೊಬ್ಬರಿಗೂ ಇಂಥದೊಂದು ಮಾತು ಹೇಳಿ ಒಳಗೆ ಕಳಿಸುವುದು ನನ್ನ ಅಭ್ಯಾಸವಾಗಿತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ದಪ್ಪಗಿದ್ದೇನೆ. ಈ ವಾಕ್ಯವನ್ನು ಮೊದಲು “ಸ್ವಲ್ಪ ಮೈ ತುಂಬಿಕೊಂಡಿದ್ದೇನೆ” ಎಂದು ಬರೆದಿದ್ದೆ, ಆಮೇಲೆ “ವಯಸ್ಸಿಗೆ ತಕ್ಕ ಹಾಗಿದ್ದೇನೆ” ಎಂದು ತಿದ್ದಿದೆ, ಈಗ ಬೇರೆ ದಾರಿಯಿಲ್ಲದೆ ನಿಜ ಬರೆದಿದ್ದೇನೆ. ವಿಭಾಗದ ಗ್ರೂಪ್ ಫೋಟೋಗಳಲ್ಲೆಲ್ಲ ನನ್ನ ಕೈಯಲ್ಲಿ ಒಂದು ಹಾಜರಿ ಪುಸ್ತಕ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಕರ್ತವ್ಯನಿಷ್ಠೆ ಎಂದುಕೊಂಡಿದ್ದಾರೆ, ಹೊಟ್ಟೆಯನ್ನು ಮರೆಮಾಡುವುದಕ್ಕೆ ಅಷ್ಟು ಅಗಲದ ವಸ್ತು ಕಾಲೇಜಿನಲ್ಲಿ ಬೇರೆ ಸಿಕ್ಕಿಲ್ಲ. ಚನ್ನಪಟ್ಟಣದಲ್ಲಿ ನನಗೆ ರವಿಕೆ ಹೊಲಿದುಕೊಡುವ ಟೈಲರ್ ಒಬ್ಬರಿದ್ದಾರೆ. ಪ್ರತಿ ಸಲವೂ ನಾನು “ಹೋದ ಸಲದ ಅಳತೆಯೇ ಇರಲಿ” ಎನ್ನುತ್ತೇನೆ. ಅವರು ಗಂಭೀರವಾಗಿ “ಆಗಲಿ ಮೇಡಂ” ಎನ್ನುತ್ತಾರೆ. ರವಿಕೆ ಮಾತ್ರ ಪ್ರತಿ ಸಲವೂ ಮೊದಲಿಗಿಂತ ಒಂದಿಷ್ಟು ದೊಡ್ಡದಾಗಿ ಬಂದು ಸರಿಯಾಗಿ ಕೂರುತ್ತದೆ. ಇಪ್ಪತ್ತು ವರ್ಷದಿಂದ ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಲ್ಲ.

ನಾನು ರಾಮನಗರದ ಹತ್ತಿರ ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುವವಳು. ಎರಡು ವರ್ಷದ ಹಿಂದೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನನ್ನ ತಲೆಗೆ ಕಟ್ಟಿದರು. ಅಲ್ಲಿಯ ಅಡುಗೆ ಜಯಮ್ಮನವರದು. ಸಾತನೂರಿನ ಕಡೆಯವರು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎಲ್ಲವನ್ನೂ ಕಂಡವರು. ಅವರು ಕಟ್ಟುವ ರಾಗಿಮುದ್ದೆಗೆ ಒಂದೇ ಅಳತೆ. ತಟ್ಟೆಯಲ್ಲಿಟ್ಟರೆ ಅದು ಕೂರುವ ಗತ್ತೇ ಬೇರೆ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎಂಬ ಗಾದೆ ನೆನಪಾಗುತ್ತದೆ. ಕೀಳುವುದಕ್ಕೆ ನಮ್ಮ ಸುತ್ತ ಬೆಟ್ಟಗಳಿಗೇನೂ ಕೊರತೆಯಿಲ್ಲ, ನಾನು ಇಷ್ಟು ವರ್ಷ ಮುದ್ದೆ ತಿಂದೂ ಒಂದನ್ನೂ ಅಲುಗಾಡಿಸಿಲ್ಲ ಅಷ್ಟೇ.

ಈ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಜಯಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಮುದ್ದೆ ವಾಪಸ್ ಬತ್ತಾ ಐತೆ ಮೇಡಂ” ಎಂದರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನುವ ದನಿ.

ಹೋಗಿ ನೋಡಿದರೆ ನಿಜ. ಒಬ್ಬಳು ಅನ್ನ ಬಿಟ್ಟಿದ್ದಳು. ಇನ್ನೊಬ್ಬಳು ಅನ್ನ ತಿಂದು ಸಾರು ಬಿಟ್ಟಿದ್ದಳು, ಸಾರಿನಲ್ಲಿ ಎಣ್ಣೆ ಇದೆಯಂತೆ. ಮೂರನೆಯವಳು ಬರೀ ಸೌತೆಕಾಯಿ ತಿಂದು ಎದ್ದು, ಸಂಜೆ ಐದಕ್ಕೆ ಗೇಟಿನಾಚೆ ಗೋಬಿ ಗಾಡಿಯ ಮುಂದೆ ನಿಂತಿರುತ್ತಿದ್ದಳು. ಎಲ್ಲರ ಬಾಯಲ್ಲೂ ಒಂದೇ ಬೇಡಿಕೆ, ಅರ್ಧ ಮುದ್ದೆ ಸಾಕು. ಜಯಮ್ಮ ಇದಕ್ಕೆ ಮಾತ್ರ ಜಗ್ಗಲಿಲ್ಲ. “ಅರ್ಧ ಮುದ್ದೆ ಕಟ್ಟಕ್ಕೆ ನಂಗೆ ಬರಕಿಲ್ಲ ಕಣವ್ವ. ನಮ್ಮವ್ವ ಹೇಳ್ಕೊಟ್ಟಿಲ್ಲ” ಎಂದು ಇಡೀ ಮುದ್ದೆಯನ್ನೇ ಇಡುತ್ತಿದ್ದರು. ಅದು ಇಡಿಯಾಗಿಯೇ ಮರಳುತ್ತಿತ್ತು. ಅವರಿಗೆ ಇದ್ದ ಒಂದೇ ಸಮಾಧಾನ, ಹುಡುಗಿಯರು ಈಗೀಗ ಕೆಲಸಕ್ಕೆ ಬಹಳ ನೆರವಾಗುತ್ತಿದ್ದಾರೆ ಎನ್ನುವುದು. ದಿನಸಿ ಕೋಣೆಯ ಬೀಗದ ಕೈ ಕೇಳಿ ತೆಗೆದುಕೊಂಡು ತಾವೇ ಹೋಗಿ ಈರುಳ್ಳಿ ತಂದುಕೊಡುತ್ತಾರಂತೆ. “ಒಂದ್ ಈರುಳ್ಳಿ ತರಕ್ಕೆ ನಾಕ್ ಜನ ಓಯ್ತಾರೆ, ಒಳ್ಳೆ ಮಕ್ಳು” ಎಂದರು.

ಇವರೆಲ್ಲರಲ್ಲಿ ನನಗೆ ಚಿಂತೆ ಹತ್ತಿಸಿದವಳು ರಕ್ಷಿತಾ. ಸೋಲೂರಿನ ಹುಡುಗಿ, ಮನೆಯಲ್ಲಿ ಹಸುಗಳಿವೆ, ಎಂ.ಕಾಂ. ಮೊದಲ ವರ್ಷ. ಮಿಕ್ಕವರು ಆಟಕ್ಕೆ ಊಟ ಬಿಟ್ಟ ಹಾಗಿದ್ದರೆ ಇವಳು ಶ್ರದ್ಧೆಯಿಂದ ಬಿಡುತ್ತಿದ್ದಳು. ಕೇಳಿದರೆ “ಹಸಿವಿಲ್ಲ ಮೇಡಂ” ಎನ್ನುತ್ತಿದ್ದಳು. ಬೆಳಿಗ್ಗೆ ಹಸಿವಿಲ್ಲ, ಮಧ್ಯಾಹ್ನ ಹಸಿವಿಲ್ಲ. ಅವಳು ನಗುವಾಗ ಕೈಯನ್ನು ಕೆನ್ನೆಗೆ ಅಡ್ಡ ಹಿಡಿಯುವುದನ್ನೂ ಗಮನಿಸಿದ್ದೆ. ನಾಚಿಕೆಯ ಹುಡುಗಿ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನನ್ನ ಪಾಠದ ನಡುವೆಯೇ ಅವಳು ಡೆಸ್ಕಿನ ಮೇಲೆ ತಲೆಯಿಟ್ಟಳು. ನನ್ನ ಪಾಠಕ್ಕೆ ತಲೆಯಿಡುವವರು ಹೊಸಬರಲ್ಲವಾದ್ದರಿಂದ ನಾನು ಮುಂದುವರಿಸಿದೆ. ಪಕ್ಕದವಳು ಕೂಗಿಕೊಂಡಾಗಲೇ ಗೊತ್ತಾಗಿದ್ದು, ಅವಳಿಗೆ ಪ್ರಜ್ಞೆ ಇರಲಿಲ್ಲ. ಎತ್ತಿಕೊಂಡು ಆಟೋದಲ್ಲಿ ಡಾಕ್ಟರ ಹತ್ತಿರ ಓಡಿದೆವು. ಆ ಹತ್ತು ನಿಮಿಷ ಅವಳ ತಣ್ಣಗಿನ ಕೈ ನನ್ನ ಕೈಯಲ್ಲಿತ್ತು. ಅವಳ ಅಮ್ಮನಿಗೆ ಏನೆಂದು ಫೋನ್ ಮಾಡಲಿ ಎಂಬ ಯೋಚನೆಯೊಂದೇ ತಲೆಯಲ್ಲಿತ್ತು. ಡಾಕ್ಟರು ಎಲ್ಲ ನೋಡಿ, “ಕಾಯಿಲೆ ಏನಿಲ್ಲ, ಹೊಟ್ಟೆಗೆ ತಿಂದಿಲ್ಲ. ಹೀಗೇ ಬಿಟ್ಟರೆ ಕಾಯಿಲೆ ಆಗುತ್ತೆ” ಎಂದರು. ಹೇಳಿದ್ದು ಅವಳಿಗೆ, ನೋಡಿದ್ದು ನನ್ನನ್ನು.

ನಾನು ಮೇಷ್ಟರ ಜಾತಿ. ಕಷ್ಟ ಬಂದರೆ ನಮಗೆ ಹೊಳೆಯುವ ಪರಿಹಾರ ಒಂದೇ, ಭಾಷಣ. ಆ ಶನಿವಾರವೇ ಎಲ್ಲ ಹುಡುಗಿಯರನ್ನೂ ಊಟದ ಹಾಲಿನಲ್ಲಿ ಕೂರಿಸಿ ಮುಕ್ಕಾಲು ಗಂಟೆ ಮಾತಾಡಿದೆ. ತಪ್ಪೆಲ್ಲ ಮೊಬೈಲಿನದು ಎಂದೆ. ರೀಲ್ಸಿನಲ್ಲಿ ಕಾಣುವ ಬಡಕಲು ಸುಂದರಿಯರದು ಎಂದೆ. ದೇವರು ಕೊಟ್ಟ ಮೈಯನ್ನು ಇದ್ದ ಹಾಗೆ ಪ್ರೀತಿಸಬೇಕು ಎಂದೆ. ಅವತ್ತು ನಾನು ಉಟ್ಟಿದ್ದು ಕಡು ನೀಲಿ ಸೀರೆ, ಅದರಲ್ಲಿ ಸ್ವಲ್ಪ ತೆಳ್ಳಗೆ ಕಾಣುತ್ತೇನೆ ಎಂದು ಆರಿಸಿಕೊಂಡಿದ್ದು. ಕೈಯಲ್ಲಿ ಹಾಜರಿ ಪುಸ್ತಕವೂ ಇತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ರಕ್ಷಿತಾಳೂ ತಟ್ಟಿದಳು, ತಟ್ಟಿ ಮುದ್ದೆ ಬಿಟ್ಟು ಎದ್ದಳು.

ಮಾರನೆಯ ವಾರ ದಿನಸಿ ಬಂತು. ರಾಗಿ ಮೂಟೆಗಳನ್ನು ತೂಗುವುದಕ್ಕೆ ದಿನಸಿ ಕೋಣೆಯಲ್ಲಿ ಮುಳ್ಳು ತಿರುಗುವ ಒಂದು ಹಳೆಯ ತೂಕದ ಯಂತ್ರವಿದೆ. ಜಯಮ್ಮ ತೂಗಿ ಹೇಳುತ್ತಾರೆ, ನಾನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತೇನೆ. ಎಲ್ಲ ಮುಗಿದ ಮೇಲೆ “ಇನ್ನೊಮ್ಮೆ ಸ್ಟಾಕ್ ನೋಡಿ ಬರ್ತೀನಿ” ಎಂದು ನಾನೊಬ್ಬಳೇ ಆ ಕೋಣೆಗೆ ಹೋಗುವ ಪದ್ಧತಿಯೂ ಉಂಟು. ಏಕೆಂದು ಈಗಾಗಲೇ ನೀವು ಊಹಿಸಿರುತ್ತೀರಿ. ಅಂದೂ ಬಾಗಿಲ ಬಳಿ ಚಪ್ಪಲಿ ಬಿಟ್ಟು, ವಾಚು ಬಿಚ್ಚಿ, ಬಳೆ ತೆಗೆದು ಸೆರಗಿನಲ್ಲಿ ಕಟ್ಟಿದೆ. ಬಳೆ ಸೆರಗಿನಲ್ಲಿದ್ದರೂ ನನ್ನ ಮೇಲೇ ಇರುತ್ತವೆ ಎಂದು ಹೊಳೆದು ಕಿಟಕಿಯ ಮೇಲಿಟ್ಟೆ. ಒಳಗೆ ಕಾಲಿಟ್ಟರೆ ಯಂತ್ರದ ಮೇಲೆ ರಕ್ಷಿತಾ ನಿಂತಿದ್ದಾಳೆ. ಅವಳ ಕಾಲ್ಗೆಜ್ಜೆ, ಓಲೆ ಎರಡೂ ಸಕ್ಕರೆ ಡಬ್ಬದ ಮುಚ್ಚಳದ ಮೇಲಿದ್ದವು. ನೆರವಿಗೆಂದು ಹುಡುಗಿಯರು ಈರುಳ್ಳಿ ತರುತ್ತಿದ್ದುದರ ಗುಟ್ಟು ಆಗ ಬಯಲಾಯಿತು.

“ಇಳಿ ಕೆಳಗೆ” ಎಂದೆ. ಭಯದಲ್ಲಿ ದನಿ ಜೋರಾಗಿಯೇ ಬಂತು. “ಮೊನ್ನೆ ತಾನೇ ಬಿದ್ದಿದ್ದೀಯ. ಯಾವ ರೀಲ್ಸ್ ನೋಡಿ ಈ ಹುಚ್ಚು ಹಿಡಿಸ್ಕೊಂಡೆ ಹೇಳು.”

ಅವಳು ಇಳಿದಳು. “ರೀಲ್ಸ್ ಅಲ್ಲ ಮೇಡಂ” ಎಂದಳು.

“ಮತ್ತೆ? ಯಾರಾದ್ರೂ ಏನಾದ್ರೂ ಅಂದ್ರಾ? ಹೇಳು, ನಾನು ವಿಚಾರಿಸ್ತೀನಿ ಅವರನ್ನ.”

ಅವಳು ಸಕ್ಕರೆ ಡಬ್ಬದ ಮೇಲಿಂದ ಓಲೆ ಎತ್ತಿಕೊಂಡಳು. ಆಮೇಲೆ ಮೆಲ್ಲಗೆ, “ನೀವೇ ಅಂದ್ರಿ ಮೇಡಂ. ಸಂಕ್ರಾಂತಿ ರಜೆ ಮುಗಿಸ್ಕೊಂಡು ಬಂದ ದಿವ್ಸ. ಗೇಟ್ ಹತ್ರ. ‘ಏನಮ್ಮ, ಊರಿನ ಅವರೆಕಾಯಿ ಚೆನ್ನಾಗಿ ಒಗ್ಗಿದೆ, ಕೆನ್ನೆ ನೋಡು ಹೆಂಗೆ ಊದಿದೆ’ ಅಂದ್ರಿ. ಎಲ್ಲಾರೂ ನಕ್ಕರು. ಅವತ್ತೇ ಬಂದು ಇದ್ರ ಮೇಲೆ ನಿಂತೆ. ನೀವಂದಿದ್ದು ನಿಜವೇ ಆಗಿತ್ತು, ಅದ್ರ ಹಿಂದಿನ ತಿಂಗಳು ಆಸ್ಪತ್ರೆಲಿ ನೋಡಿದ್ದಕ್ಕಿಂತ ಐದು ಕೆಜಿ ಜಾಸ್ತಿ ಇತ್ತು” ಎಂದಳು.

ನನಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಆಡಿಲ್ಲ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಅದು ನನ್ನದೇ ಮಾತು, ಅವರೆಕಾಯಿ ಸಮೇತ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಬೆಕ್ಕು ನಾನೇ ಎಂದು ಆಗ ತಿಳಿಯಿತು. ತಪ್ಪಿತಸ್ಥರನ್ನು ಹುಡುಕಿಕೊಂಡು ಮುಕ್ಕಾಲು ಗಂಟೆ ಮೊಬೈಲನ್ನು ಬೈದಿದ್ದೆ. ನಿಂತಲ್ಲೇ ನಿಂತಿದ್ದೆ, ಬರಿಗಾಲಲ್ಲಿ. ಅವಳ ಕಣ್ಣು ನನ್ನ ಕಾಲಿನಿಂದ ಬರಿಯ ಕೈಗಳಿಗೂ, ಅಲ್ಲಿಂದ ಕಿಟಕಿಯ ಮೇಲಿದ್ದ ಬಳೆಗಳಿಗೂ ಹೋಯಿತು.

“ನೀವೂನಾ ಮೇಡಂ?” ಎಂದಳು.

ಅಷ್ಟರಲ್ಲಿ ಜಯಮ್ಮ ಈರುಳ್ಳಿಗೆ ಬಂದರು. ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು, ಒಮ್ಮೆ ಯಂತ್ರವನ್ನು ನೋಡಿದರು. “ಇದ್ರ ಮೇಲ್ ನಿಂತ್ಕತಿದ್ರಾ? ಹಲ್ಗೆ ತೂಕ ಕಳ್ದ್ರಿ ತಾನೆ?” ಎಂದು ಕೇಳಿದರು.

ಯಾವ ಹಲಗೆ ಎಂದೆ. ಜಯಮ್ಮ ಬಗ್ಗಿ ಯಂತ್ರದ ಮೇಲಿಂದ ಒಂದು ಹಲಸಿನ ಹಲಗೆ ಎತ್ತಿ ತೋರಿಸಿದರು. ಎಷ್ಟೋ ವರ್ಷದ ಧೂಳು, ರಾಗಿ ಹಿಟ್ಟು ಮೆತ್ತಿಕೊಂಡು ಅದು ಯಂತ್ರದ್ದೇ ಭಾಗವೆಂದು ನಾನು ತಿಳಿದಿದ್ದೆ. “ಮೂಟೆ ಜಾರ್ತದೆ ಅಂತ ಇಟ್ಟಿರದು. ಐದು ಕೆಜಿಗೆ ಒಂದ್ ಚೂರು ಕಮ್ಮಿ ಐತೆ. ರೇಷ್ಮೆ ಗೂಡು ತೂಗುವಾಗ ಮಾರ್ಕೆಟ್ಟಲ್ಲಿ ಕ್ರೇಟ್ ತೂಕ ಕಳೀತಾರಲ್ಲ, ಅಂಗೇ ನಾನೂ ಕಳ್ದೇ ನಿಮಗೆ ರಾಗಿ ಲೆಕ್ಕ ಹೇಳದು. ಓದಿರೋರು, ಇಷ್ಟು ಗೊತ್ತಿರ್ತದೆ ಅಂದ್ಕಂಡಿದ್ದೆ” ಎಂದರು.

ಎಂ.ಕಾಂ. ವಿದ್ಯಾರ್ಥಿನಿ ಹಲಗೆಯನ್ನು ನೋಡಿದಳು. ಇಷ್ಟು ದಿನ ಅವಳು ಉಪವಾಸ ಬಿದ್ದು ಕರಗಿಸಲು ನೋಡಿದ್ದು ಒಂದು ಹಲಸಿನ ಮರದ ತುಂಡನ್ನು. ಮೊದಲು ನಕ್ಕಳು, ನಗುತ್ತ ನಗುತ್ತ ಕೈ ಕೆನ್ನೆಗೆ ಹೋಯಿತು, ಆಮೇಲೆ ಅಳು ಬಂತು. “ಹಲಗೆ ತೆಗೆದ್ರೂ ಕೆನ್ನೆ ಹಂಗೇ ಇದೆಯಲ್ಲ ಮೇಡಂ” ಎಂದಳು.

ಅವಳನ್ನು ಹತ್ತಿರ ಕೂರಿಸಿಕೊಂಡು, “ತಪ್ಪು ಮಾತಾಡಿದೆ ಕಣಮ್ಮ, ಕ್ಷಮಿಸು” ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ವಿದ್ಯಾರ್ಥಿಗಳ ಮುಂದೆ ಈ ಮಾತು ಆಡಿದ್ದು ಅದೇ ಮೊದಲು. ನನ್ನ ಹಾಜರಿ ಪುಸ್ತಕದ ಕಥೆ ಹೇಳಿದೆ, ಟೈಲರ ಕಥೆ ಹೇಳಿದೆ. ಜಯಮ್ಮ ಈರುಳ್ಳಿ ಮರೆತು ಮೂಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಹಲಗೆಯ ಲೆಕ್ಕ ಕಳೆಯುವುದು ಸುಲಭವಾಗಿತ್ತು. ಗೇಟಿನ ಬಳಿ ನಾನು ಆಡಿ ಮರೆತ ಮಾತು ಅವಳೊಳಗೆ ಇನ್ನೆಷ್ಟು ದಿನ ಇರುತ್ತದೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಅಂದಿನಿಂದ ನಾನು ದಿನಾ ಅವಳ ಪಕ್ಕದಲ್ಲೇ ಕೂತು ಊಟ ಮಾಡತೊಡಗಿದೆ. ಅವಳು “ಹಸಿವಿಲ್ಲ ಮೇಡಂ” ಎಂದರೆ “ಸರಿ, ನನಗೆ ಜೊತೆಗಾದರೂ ಕೂತ್ಕೋ” ಎನ್ನುತ್ತಿದ್ದೆ. ಕೂತವಳು ಮುದ್ದೆ ಮುರಿಯುತ್ತಿದ್ದಳು. ಕೆಲವು ದಿನ ಪೂರ್ತಿ ತಿಂದಳು, ಕೆಲವು ದಿನ ಅರ್ಧ. ಕೆಟ್ಟ ದಿನಗಳೂ ಇದ್ದವು, ಸಾರಿನಲ್ಲಿ ಬೆರಳಾಡಿಸಿ ಎದ್ದುಹೋದದ್ದೂ ಉಂಟು. ಡಾಕ್ಟರ ಹತ್ತಿರ ಇನ್ನೆರಡು ಸಲ ಕರೆದುಕೊಂಡು ಹೋಗಿ ಬಂದೆ. ಯುಗಾದಿಯ ರಜೆ ಮುಗಿಸಿ ಬಂದಾಗ ನಾನು ಗೇಟಿನಲ್ಲೇ ಇದ್ದೆ. ಅವಳ ಕೆನ್ನೆ ತುಂಬಿಕೊಂಡಿತ್ತು. ಮಾತು ನಾಲಗೆಯ ತುದಿಗೆ ಬಂದು ನಿಂತಿತು, ನುಂಗಿಕೊಂಡು “ಬಸ್ಸು ಸಿಕ್ತಾ?” ಎಂದೆ. ಅವಳು ಬ್ಯಾಗು ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ನೀವು ಒಸಿ ಸಣ್ಣ ಆಗಿದ್ದೀರ” ಎಂದಳು.

ಏನು ಹೇಳಲಿ, ಕಾಲು ನೆಲಕ್ಕೆ ತಾಗಲಿಲ್ಲ. ಇಷ್ಟೆಲ್ಲ ಆದ ಮೇಲೂ ನೇರವಾಗಿ ದಿನಸಿ ಕೋಣೆಗೆ ಹೋದೆ. ಚಪ್ಪಲಿ, ವಾಚು, ಬಳೆ ಎಲ್ಲ ತೆಗೆದಿಟ್ಟೆ. ಹಲಗೆಯನ್ನು ನನ್ನ ಕೈಯಾರೆ ಇಳಿಸಿ ಗೋಡೆಗೆ ಒರಗಿಸಿದೆ. ಹತ್ತಿ ನಿಂತೆ. ಮುಳ್ಳು ತೂಗಾಡಿ, ಹಲಗೆ ಇದ್ದಾಗ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲೇ ಬಂದು ನಿಂತಿತು. ಎರಡು ತಿಂಗಳು ಅವಳಿಗೆ ಜೊತೆ ಕೊಟ್ಟು ತಿಂದ ಮುದ್ದೆಗಳು ಹಲಗೆಯ ಜಾಗವನ್ನು ತುಂಬಿಕೊಟ್ಟಿದ್ದವು. ಬಾಗಿಲಲ್ಲಿ ನಿಂತಿದ್ದ ಜಯಮ್ಮನವರನ್ನು, “ಇದರಲ್ಲಿ ಇನ್ನೇನಾದ್ರೂ ಕಳೀಬೇಕಾ?” ಎಂದು ಕೇಳಿದೆ.

“ಇಲ್ಲ ಮೇಡಂ. ಈಗ ಸರಿಯಾಗೈತೆ” ಎಂದರು.

ಊಟದ ಹಾಲಿನಲ್ಲಿ ರಕ್ಷಿತಾ ಎರಡು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಳು. ನಾನು ಕುರ್ಚಿಯ ಹಿಂದೆಯೇ ನಿಂತು, “ನೀನು ತಿನ್ನಮ್ಮ, ನನಗೆ ಇವತ್ತು ಹಸಿವಿಲ್ಲ” ಎಂದೆ. ಅವಳು ತಲೆಯೆತ್ತಿ ನೋಡಿದಳು. ಮೊದಲು ನನ್ನ ಕಾಲು ನೋಡಿದಳು, ಅವಸರದಲ್ಲಿ ಚಪ್ಪಲಿ ಮೆಟ್ಟಲು ಮರೆತಿದ್ದೆ. ಆಮೇಲೆ ಮುರಿದಿದ್ದ ಮುದ್ದೆಯನ್ನು ಹಾಗೇ ತಟ್ಟೆಯ ಅಂಚಿಗೆ ಸರಿಸಿ, ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು.

ನಾನು ಕುರ್ಚಿ ಎಳೆದುಕೊಂಡೆ. “ಜಯಮ್ಮ, ನನಗೆ ಅರ್ಧ ಸಾಕು” ಎಂದೆ, ಆದಷ್ಟು ಮೆಲ್ಲಗೆ.

“ಅರ್ಧ ಕಟ್ಟಕ್ಕೆ ನಂಗೆ ಬರಕಿಲ್ಲ” ಎಂದು ಜಯಮ್ಮ ಇಡೀ ಮುದ್ದೆಯನ್ನೇ ಇಟ್ಟರು. ನಾನು ಮುರಿದು ಮೊದಲ ತುತ್ತು ನುಂಗುವವರೆಗೂ ಆ ಹುಡುಗಿ ತನ್ನ ತಟ್ಟೆಯನ್ನು ಮುಟ್ಟಲಿಲ್ಲ.